ಚೈನು ಯಾರ ಕೈಯಲ್ಲಿತ್ತು?

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ ತಿಂಡಿ ಮುಗಿಸಿ ಇಷ್ಟು ಜನ ಬಂದಿದ್ದೀರಿ. ಕೆಲವರು ನಾಯಿ ಸಾಕಿದವರು, ಕೆಲವರು ನಾಯಿ ಕಂಡರೆ ರಸ್ತೆ ದಾಟಿ ಆ ಬದಿಗೆ ಹೋಗುವವರು. ಇಬ್ಬರೂ ಒಂದೇ ಸಭಾಂಗಣದಲ್ಲಿ ಕೂತಿದ್ದೀರಿ, ಅದು ನನಗೆ ತುಂಬ ಸಂತೋಷ. ಪಾರ್ಕಿನಲ್ಲಿ ಏನಾಯಿತು ಅಂತ ನಿಮಗೆಲ್ಲ ಗೊತ್ತು, ಅದನ್ನು ಮತ್ತೆ ಹೇಳುವುದಿಲ್ಲ. ಒಂದು ನಾಯಿ ಇನ್ನೊಂದನ್ನು ಕಚ್ಚಿ ಕೊಂದಿದೆ. ಕಚ್ಚಿದ ನಾಯಿಯನ್ನು ಏನು ಮಾಡಬೇಕು ಅಂತ ನಿಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಜಗಳ ನಡೆಯುತ್ತಿದೆ. ‘ಅದನ್ನು ಸಾಯಿಸಿ’ ಅಂತ ಕೆಲವರು, ‘ಪಾಪ, ಮೂಕಪ್ರಾಣಿ’ ಅಂತ ಕೆಲವರು. ಸಂಘದವರು ನನ್ನನ್ನು ಕರೆಸಿದ್ದು ಅದಕ್ಕೇ.

ನಾನು ಪಶುವೈದ್ಯ. ಇಂಥ ಕೇಸು ಬಂದಾಗ ಜನ ಮೊದಲು ಹೇಳುವುದು ಕಚ್ಚಿದ ನಾಯಿಯ ತಳಿ. ‘ಡಾಕ್ಟ್ರೇ, ಅದು ರಾಟ್‌ವೈಲರ್.’ ನಾನು ಮೊದಲು ಕೇಳುವುದು ಬೇರೆ. ಚೈನು ಯಾರ ಕೈಯಲ್ಲಿತ್ತು? ಕೈಯಲ್ಲಿತ್ತೋ, ಇಲ್ಲ ಕುತ್ತಿಗೆಯಲ್ಲಿ ಸುಮ್ನೆ ನೇತಾಡುತ್ತಿತ್ತೋ? ಹಿಡಿದಿದ್ದವರು ಮನೆಯ ಯಜಮಾನರೋ, ಎಂಟು ವರ್ಷದ ಮಗುವೋ, ನಾಲ್ಕು ಮನೆಯ ನಾಯಿಗಳನ್ನು ಒಟ್ಟಿಗೆ ವಾಕಿಂಗ್ ಕರೆದೊಯ್ಯುವ ಕೆಲಸದ ಹುಡುಗನೋ? ಈ ಉತ್ತರ ಸಿಕ್ಕರೆ ಅರ್ಧ ಕಥೆ ಸಿಕ್ಕ ಹಾಗೆ.

ಗಾಯದ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಇದು ಹೊರಗೆ ಕಾಣಿಸುವುದಿಲ್ಲ. ಒಬ್ಬ ಅಜ್ಜಿ ತಮ್ಮ ಪೊಮೇರಿಯನ್ ನಾಯಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದಿದ್ದರು. ‘ಎರಡೇ ತೂತು ಡಾಕ್ಟ್ರೇ, ರಕ್ತಾನೂ ಜಾಸ್ತಿ ಬಂದಿಲ್ಲ, ಒಂದು ಇಂಜೆಕ್ಷನ್ ಕೊಡಿ ಸಾಕು’ ಅಂದರು. ನಾವು ಕೂದಲು ಬೋಳಿಸಿದೆವು. ಹೌದು, ಪಕ್ಕೆಯ ಮೇಲೆ ಎರಡೇ ತೂತು, ಅವರೆಕಾಳಿನಷ್ಟು ದೊಡ್ಡವು. ಆದರೆ ಬೆರಳಿಟ್ಟು ನೋಡಿದರೆ ಚರ್ಮ ಒಳಗಿನಿಂದ ಬಿಟ್ಟುಕೊಂಡಿತ್ತು, ಕೆಳಗೆ ಮಾಂಸ ಹರಿದಿತ್ತು, ಒಂದು ಪಕ್ಕೆಲುಬು ಮುರಿದಿತ್ತು. ದೊಡ್ಡ ನಾಯಿ ಚಿಕ್ಕದನ್ನು ಕಚ್ಚಿ ಅಷ್ಟಕ್ಕೇ ಬಿಡುವುದಿಲ್ಲ, ಎತ್ತಿ ಕೊಡವುತ್ತದೆ. ಹಲ್ಲು ನಿಂತ ಜಾಗದಲ್ಲೇ ಇರುತ್ತದೆ, ಅದರ ಸುತ್ತ ಮೈಯೆಲ್ಲ ತಿರುಚಿಕೊಳ್ಳುತ್ತದೆ. ಆ ನಾಯಿ ಬದುಕಿತು. ಅಜ್ಜಿ ಮಾತ್ರ ಮತ್ತೆ ಅದನ್ನು ರಸ್ತೆಗೆ ಕರೆದುಕೊಂಡು ಹೋಗಲಿಲ್ಲ. ಕಚ್ಚಿದ ನಾಯಿಯ ಮನೆಯವರು ಬಿಲ್ಲು ಕಟ್ಟುವುದಿರಲಿ, ಹೇಗಿದೆ ಅಂತ ಒಂದು ಫೋನೂ ಮಾಡಲಿಲ್ಲ. ಇದು ನನಗೆ ಇವತ್ತಿಗೂ ಸಂಕಟ ಕೊಡುತ್ತದೆ.

ಕಾನೂನು ಏನು ಹೇಳುತ್ತದೆ? ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ನೋಡಿ. ಹಳೆಯ ಐಪಿಸಿಯಲ್ಲಿ ಅದು 289 ಆಗಿತ್ತು. ಸಾಕಿದ ಪ್ರಾಣಿಯ ವಿಷಯದಲ್ಲಿ ನಿರ್ಲಕ್ಷ್ಯ ಮಾಡಿದರೆ 6 ತಿಂಗಳವರೆಗೆ ಸೆರೆ, ಇಲ್ಲ 5,000 ರೂಪಾಯಿವರೆಗೆ ದಂಡ, ಇಲ್ಲ ಎರಡೂ. ಮೊದಲು ದಂಡ 1,000 ರೂಪಾಯಿ ಇತ್ತು, 2024ರ ಜುಲೈ 1ರಿಂದ ಏರಿತು. ಆದರೆ ಕಲಮನ್ನು ಸರಿಯಾಗಿ ಓದಿ. ಅಲ್ಲಿರುವುದು ಮನುಷ್ಯನ ಜೀವಕ್ಕೆ ಅಪಾಯ, ತೀವ್ರ ಗಾಯದ ಅಪಾಯ. ನಿಮ್ಮ ನಾಯಿ ಪಕ್ಕದ ಮನೆಯವರ ನಾಯಿಯನ್ನು ಕೊಂದರೆ ಈ ಕಲಂ ನೇರವಾಗಿ ಅನ್ವಯಿಸುವುದು ಕಷ್ಟ. 325ನೇ ಕಲಂ ಪ್ರಾಣಿಯನ್ನು ಕೊಲ್ಲುವ, ಊನ ಮಾಡುವ ಅಪರಾಧದ್ದು, 5 ವರ್ಷದವರೆಗೆ ಸೆರೆ ಇದೆ. ಅದೂ ಬೇಕೆಂದೇ, ಗೊತ್ತಿದ್ದೇ ಮಾಡಿದವರಿಗೆ. ‘ಕೈ ತಪ್ಪಿ ಹೋಯ್ತು ಸಾರ್’ ಅನ್ನುವವರನ್ನು ಅದು ಮುಟ್ಟುವುದಿಲ್ಲ. ಉಳಿಯುವುದು ಸಿವಿಲ್ ದಾವೆ. ಆಸ್ಪತ್ರೆ ಬಿಲ್ಲಿಗಾಗಿ ವರ್ಷಗಟ್ಟಲೆ ಕೋರ್ಟು ಅಲೆಯುವವರು ಯಾರು, ಅಲ್ವಾ?

ಹಾಗಂತ ಸಿಟ್ಟಿನಲ್ಲಿ ದೊಣ್ಣೆ ಹಿಡಿದು ಆ ನಾಯಿಯನ್ನು ಹೊಡೆಯಲು ಹೋದರೆ, ಅದೇ 325 ನಿಮ್ಮ ಮೇಲೆ ಬೀಳುತ್ತದೆ. ಗ್ರೂಪಿನಲ್ಲಿ ‘ವಿಷ ಹಾಕಿ’ ಅಂತ ಬರೆದವರು ದಯವಿಟ್ಟು ಅದನ್ನು ನೆನಪಿಡಿ.

ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ನಮ್ಮ ಕನ್ನಡದವರು ಎಷ್ಟೋ ಜನ ಇದ್ದಾರೆ, ನಿಮ್ಮ ಮಕ್ಕಳೂ ಇರಬಹುದು. ಅಲ್ಲಿನ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 1998ರ ಸಾಕುಪ್ರಾಣಿ ಕಾಯ್ದೆ ಇದೆ. ನಾಯಿ ಮನುಷ್ಯನ ಮೇಲಾಗಲಿ, ಇನ್ನೊಂದು ಪ್ರಾಣಿಯ ಮೇಲಾಗಲಿ ನುಗ್ಗಿದರೆ, ಕಚ್ಚಿದರೆ, ಅಟ್ಟಿಸಿಕೊಂಡು ಹೋದರೆ ತಪ್ಪು ಮಾಲೀಕರದ್ದು. ಗಾಯ ಆಗಲೇಬೇಕು ಅಂತಿಲ್ಲ. ನಾಯಿಯನ್ನು ಯಾರಾದರೂ ಕೆಣಕಿದ್ದರೆ ಅದಕ್ಕೆ ವಿನಾಯಿತಿ ಉಂಟು. ‘ಅಪಾಯಕಾರಿ’ ಅಂತ ಘೋಷಿಸಿದ ನಾಯಿಗೆ ಸಂತಾನಹರಣ ಚಿಕಿತ್ಸೆ, ಭದ್ರವಾದ ಆವರಣ, ಗೇಟಿಗೆ ಎಚ್ಚರಿಕೆ ಫಲಕ, ಹೊರಗೆ ಬಂದರೆ ಚೈನು ಮತ್ತು ಬಾಯಿಕುಕ್ಕೆ, ಅಂದರೆ ಕಚ್ಚದಂತೆ ಬಾಯಿಗೆ ಹಾಕುವ ಕವಚ. ನಾಯಿ ಬದುಕುತ್ತದೆ, ಆದರೆ ಮಾಲೀಕರ ಮೈಮೇಲೆ ಕೆಲಸ ಬೀಳುತ್ತದೆ. ನಮಗೆ ಬೇಕಾದದ್ದು ಇಂಥದ್ದು. ಅಲ್ಲಿಯೂ ಕೊನೆಗೆ ಕೇಳುವುದು ಅದೇ, ಚೈನು ಯಾರ ಕೈಯಲ್ಲಿತ್ತು ಅಂತ.

ಈಗ ನನಗೆ ತುಂಬ ಇಷ್ಟವಾದ ಒಂದು ನಾಯಿಯ ಕಥೆ ಹೇಳುತ್ತೇನೆ. ಕಾರ್ಯದರ್ಶಿಗಳು ಗಡಿಯಾರ ನೋಡುತ್ತಿದ್ದಾರೆ, ಪರವಾಗಿಲ್ಲ, ಇದನ್ನು ಹೇಳದೆ ನಾನು ಇಳಿಯುವುದಿಲ್ಲ.

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿ ಒಂದು ವೀರಗಲ್ಲು ಇದೆ. ಮದ್ದೂರು ಹತ್ತಿರದ ಆತಕೂರಿನಿಂದ ಬಂದದ್ದು. ಕ್ರಿ.ಶ. 949-50ರ ಸುಮಾರಿನ ಕಲ್ಲು. ತಮಿಳುನಾಡಿನ ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರಿಗೂ ಯುದ್ಧವಾಯಿತು. ಗಂಗರ ಬೂತುಗ ಕೃಷ್ಣನ ಕಡೆ. ಚೋಳರ ರಾಜಾದಿತ್ಯ ಅಲ್ಲೇ ಸತ್ತ. ಆ ಯುದ್ಧದಲ್ಲಿ ಬೂತುಗನ ಕಡೆಯ ಮಣಲೆರ ಅನ್ನುವ ವೀರ ಚೆನ್ನಾಗಿ ಕಾದಿದ. ಒಡೆಯ ಮೆಚ್ಚಿ, ಏನು ಬೇಕೋ ಕೇಳು ಅಂದ. ಊರು ಕೇಳಬಹುದಿತ್ತು, ಚಿನ್ನ ಕೇಳಬಹುದಿತ್ತು. ಮಣಲೆರ ಕೇಳಿದ್ದು ಒಂದು ನಾಯಿಯನ್ನು. ಕಾಳಿ ಅಂತ ಅದರ ಹೆಸರು. ಆಮೇಲೆ ಒಂದು ದಿನ ಬೆಳತೂರಿನ ಪಡುವಣ ದಿಕ್ಕಿನಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ನಾಯಿಯೂ ಹಂದಿಯೂ ಕಾದಾಡಿ ಎರಡೂ ಸತ್ತವು. ಕಾಳಿಗೆ ಕಲ್ಲು ನಿಲ್ಲಿಸಿದರು, ಭೂಮಿ ಬಿಟ್ಟರು, ಪೂಜೆಗೆ ಗೊರವನನ್ನು, ಅಂದರೆ ಶೈವ ಪೂಜಾರಿಯನ್ನು ನೇಮಿಸಿದರು. ಆ ಕಲ್ಲಿಗೆ ಪೂಜೆ ಮಾಡದೆ ಗೊರವ ಉಂಡರೆ ಪಾಪ ಬರಲಿ ಅಂತ ಶಾಸನದಲ್ಲೇ ಕೆತ್ತಿಸಿದರು. ಕಲ್ಲಿನ ಮೇಲೆ ನಾಯಿ ಮತ್ತು ಹಂದಿ ಇವತ್ತಿಗೂ ಒಂದರ ಮೇಲೊಂದು ಬಿದ್ದು ಕಾದುತ್ತಿವೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ.

ಯಾಕೆ ಇದನ್ನು ಹೇಳಿದೆ? ನಾಯಿಯ ಬಾಯಲ್ಲಿರುವ ಆ ಹಿಡಿತ, ಆ ನುಗ್ಗುವ ಗುಣ, ನಾವೇ ಸಾವಿರಾರು ವರ್ಷ ಮೆಚ್ಚಿ ಬೆಳೆಸಿದ್ದು. ಮುಧೋಳದ ನಾಯಿ ನೋಡಿ, ನಮ್ಮ ಹೆಮ್ಮೆ, 2005ರಲ್ಲಿ ಅಂಚೆಚೀಟಿಯೂ ಬಂತು. ಓಡುವ ಪ್ರಾಣಿ ಕಣ್ಣಿಗೆ ಬಿದ್ದರೆ ಬೆನ್ನಟ್ಟುವುದೇ ಅದರ ಕಸುಬು. ಅದನ್ನು ತಂದು ಥರ್ಟಿ ಫಾರ್ಟಿ ಸೈಟಿನಲ್ಲಿ ಕಟ್ಟಿಹಾಕಿ, ದಿನಕ್ಕೆ ಹತ್ತು ನಿಮಿಷ ಹೊರಗೆ ಬಿಟ್ಟು, ಎದುರಿಗೆ ಓಡಿಬಂದ ಪುಟಾಣಿ ನಾಯಿಯನ್ನು ಹಿಡಿಯಿತು ಅಂದರೆ ‘ಕೆಟ್ಟ ನಾಯಿ’ ಅಂತೀವಿ. ಮಣಲೆರನ ಕಾಲದಲ್ಲಿ ಕಾಳಿಯನ್ನು ಬಿಟ್ಟವರಿಗೆ ತಾವು ಬಿಟ್ಟಿದ್ದೇವೆ ಅಂತ ಗೊತ್ತಿತ್ತು. ಅದು ಮಾಡಿದ್ದನ್ನು ತಮ್ಮ ಲೆಕ್ಕಕ್ಕೆ ಬರೆದುಕೊಂಡರು. ನಾವು ಬಿಡುವುದೂ ನಾವೇ, ಆಮೇಲೆ ಬೈಯುವುದು ನಾಯಿಯನ್ನು.

ಹಾಗಾದರೆ ತಳಿ ನಿಷೇಧಿಸಿದರೆ ಮುಗಿಯಿತಾ? 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ತಡೆಯಿರಿ ಅಂತ ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಏಪ್ರಿಲ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟೇ ಅದನ್ನು ರದ್ದು ಮಾಡಿತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದು ಅಂತ. ಆ ತೀರ್ಪು ನನಗೆ ಸರಿ ಅನ್ನಿಸುತ್ತದೆ. ಪಟ್ಟಿಯಲ್ಲಿಲ್ಲದ ಲ್ಯಾಬ್ರಡಾರ್ ಕಚ್ಚಿದ ಗಾಯಕ್ಕೂ ನಾನು ಹೊಲಿಗೆ ಹಾಕಿದ್ದೇನೆ.

ಮೂಲ ಇನ್ನೂ ಹಿಂದೆ ಇದೆ. ಮರಿ ತನ್ನ ಹಲ್ಲಿನ ಬಲ ಎಷ್ಟು ಅಂತ ಕಲಿಯುವುದು ಒಡಹುಟ್ಟಿದ ಮರಿಗಳ ಜೊತೆ ಆಡುವಾಗ. ಜೋರಾಗಿ ಕಚ್ಚಿದರೆ ಕಚ್ಚಿಸಿಕೊಂಡ ಮರಿ ಕಿರುಚುತ್ತದೆ, ಆಟ ನಿಲ್ಲುತ್ತದೆ, ಪಾಠ ಆಗುತ್ತದೆ. ಮೂರನೇ ವಾರದಿಂದ ಹನ್ನೆರಡು ಹದಿನಾಲ್ಕನೇ ವಾರದವರೆಗೆ ಬೇರೆ ನಾಯಿ, ಬೇರೆ ಜನ, ಆಟೋ ಸದ್ದು, ಎಲ್ಲದರ ಪರಿಚಯ ಆಗಬೇಕು. ನಾಯಿಮರಿ ಬೆಳೆಸಿ ಮಾರುವವರಿಗೆ ಇರುವ 2017ರ ನಿಯಮದ ಪ್ರಕಾರ 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ನನ್ನ ಟೇಬಲ್ಲಿಗೆ ಬರುವ ಎಷ್ಟೋ ಮರಿಗಳು ಒಂದು ತಿಂಗಳಿಗೇ ತಾಯಿಯಿಂದ ಬಿಟ್ಟು ಬಂದವು. ‘ಚಿಕ್ಕದಿದ್ದಾಗ ತಂದ್ರೆ ಹೊಂದ್ಕೊಳುತ್ತೆ’ ಅಂತಾರೆ. ಆಮೇಲೆ ಅದನ್ನು ಟೆರೇಸಿನ ಮೇಲೆ ಕಟ್ಟುತ್ತಾರೆ. ಒಂದು ವರ್ಷ ಇನ್ನೊಂದು ನಾಯಿಯ ಮುಖ ನೋಡದ ಪ್ರಾಣಿ ಪಾರ್ಕಿಗೆ ಬಂದಾಗ ಏನು ಮಾಡಬೇಕು ಹೇಳಿ?

ಈಗ ಆ ನಾಯಿಯ ವಿಷಯ. ನೇರವಾಗಿ ಹೇಳುತ್ತೇನೆ. ಗುರುಗುಟ್ಟಿ, ಮೇಲೆ ಬಿದ್ದು, ದೊಡ್ಡ ಗಲಾಟೆ ಮಾಡಿ ಗಾಯವಿಲ್ಲದೆ ಮುಗಿಸುವ ನಾಯಿ ಬೇರೆ, ಸದ್ದಿಲ್ಲದೆ ಬಂದು ಹಿಡಿದು ಕೊಡವುವ ನಾಯಿ ಬೇರೆ. ಇಯಾನ್ ಡನ್‌ಬಾರ್ ಅನ್ನುವ ಪಶುವೈದ್ಯರು ಮಾಲೀಕರಿಗೆ ಕೇಳುವ ಲೆಕ್ಕ ಸರಳ: ಎಷ್ಟು ಸಲ ಜಗಳವಾಡಿದೆ, ಅದರಲ್ಲಿ ಎಷ್ಟು ಸಲ ಎದುರು ನಾಯಿ ಆಸ್ಪತ್ರೆಗೆ ಹೋಯಿತು? ಇಪ್ಪತ್ತು ಜಗಳ ಆಡಿ ಒಬ್ಬರಿಗೂ ಹೊಲಿಗೆ ಬೀಳದಿದ್ದರೆ ಅದಕ್ಕೆ ಕಲಿಸಬಹುದು. ಎರಡು ಜಗಳಕ್ಕೆ ಎರಡೂ ಆಸ್ಪತ್ರೆ ಆದರೆ ಅದು ಜೀವಮಾನವಿಡೀ ಬಾಯಿಕುಕ್ಕೆ ಇಲ್ಲದೆ ಗೇಟು ದಾಟಬಾರದು. ನಿಮ್ಮ ಪಾರ್ಕಿನ ನಾಯಿ ಎರಡನೇ ಗುಂಪಿಗೆ ಸೇರಿದ್ದು. ಅದರ ಮನೆಯವರು ಇಲ್ಲಿ ಬಂದು ಕೂತಿದ್ದೀರಿ, ಅದಕ್ಕೆ ನಿಮ್ಮ ಮೇಲೆ ನನಗೆ ಗೌರವ ಇದೆ. ಗೌರವ ಇರುವುದರಿಂದಲೇ ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದೇನೆ.

ಮೊದಲು ಅದನ್ನು ಪೂರ್ತಿ ತಪಾಸಣೆ ಮಾಡಿಸಿ. ಸೊಂಟದ ನೋವು, ಕಿವಿಯ ಸೋಂಕು ಇರುವ ನಾಯಿ ಸಿಡುಕುತ್ತದೆ. ಗೇಟಿಗೆ ಒಳಗಡೆ ಇನ್ನೊಂದು ಗೇಟು ಹಾಕಿಸಿ. ದೊಡ್ಡವರೊಬ್ಬರು ಮಾತ್ರ, ಜನ ಕಡಿಮೆ ಇರುವ ಹೊತ್ತಿನಲ್ಲಿ ಹೊರಗೆ ಕರೆದೊಯ್ಯಿರಿ. ಸತ್ತ ನಾಯಿಯ ಮನೆಯವರ ಆಸ್ಪತ್ರೆ ಬಿಲ್ಲನ್ನು ಅವರು ಕೇಳುವ ಮೊದಲೇ ಕಟ್ಟಿ.

ಒಂದು ಮಾತ್ರ ಮಾಡಬೇಡಿ. ‘ತೋಟಕ್ಕೆ ಬಿಟ್ಟುಬಂದೆವು’ ಅನ್ನಬೇಡಿ. ಈ ಮಾತು ಕೇಳಿದರೆ ನನಗೆ ಹೊಟ್ಟೆ ಉರಿಯುತ್ತದೆ. ಯಾವ ತೋಟ? ಅಲ್ಲಿ ಕುರಿ ಇಲ್ಲವೇ, ಕರು ಇಲ್ಲವೇ, ಇನ್ನೊಂದು ನಾಯಿ ಇಲ್ಲವೇ? ಕಚ್ಚಿದ ಚರಿತ್ರೆ ಮುಚ್ಚಿಟ್ಟು ಕೊಟ್ಟರೆ ನಿಮ್ಮ ತೊಂದರೆಯನ್ನು ಏನೂ ಗೊತ್ತಿಲ್ಲದವರ ತಲೆಗೆ ಕಟ್ಟಿದ ಹಾಗೆ. ರಿಂಗ್ ರೋಡಿನಲ್ಲಿ ಬಿಟ್ಟುಬಂದರೆ ಅದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಹೌದು, ಇವತ್ತಿಗೂ ಅಷ್ಟೇ. ಇದು ಬದಲಾಗಬೇಕು ಅಂತ ನಾವೆಲ್ಲ ಶಾಸಕರಿಗೆ, ಸಂಸದರಿಗೆ ಬರೆಯಬೇಕು. ನಿಜವಾಗಿ ಸಾಕಲು ಆಗುವುದೇ ಇಲ್ಲ ಅಂದರೆ, ಇಂಥ ನಾಯಿ ಸಾಕಿ ಗೊತ್ತಿರುವವರಿಗೆ ಎಲ್ಲವನ್ನೂ ಬರೆದು, ಸಹಿ ಹಾಕಿ ಕೊಡಿ.

ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡಿ ಅನ್ನುವವರಿಗೆ ನನ್ನ ಉತ್ತರ ಹೀಗಿದೆ. ವಾಸಿಯಾಗದ ಕಾಯಿಲೆಯಿಂದ ನರಳುವ ಪ್ರಾಣಿಗೆ ಆ ಕೆಲಸ ನಾನು ಮಾಡಿದ್ದೇನೆ, ಪ್ರತಿ ಸಲವೂ ಕೈ ಭಾರವಾಗಿದೆ. ಆರೋಗ್ಯವಾಗಿರುವ ನಾಯಿಗೆ, ಮಾಲೀಕರು ಒಂದು ಬಾಯಿಕುಕ್ಕೆಯನ್ನೂ ಕೊಂಡಿಲ್ಲದಿರುವಾಗ, ಮಾಡುವುದಿಲ್ಲ. ಚೈನು ಬಿಟ್ಟ ಕೈಗೆ ಶಿಕ್ಷೆ ಇಲ್ಲ, ನಾಯಿಗೆ ಮಾತ್ರ ಮರಣದಂಡನೆ ಅಂದರೆ ನನಗೆ ಒಪ್ಪಿಗೆ ಇಲ್ಲ. ಮುಂದಿನ ತಿಂಗಳು ಅದೇ ಮನೆಗೆ ಅದೇ ಥರದ ಇನ್ನೊಂದು ಮರಿ ಬರುತ್ತದೆ, ಅಷ್ಟೇ.

ಸಮಯ ಆಯಿತು ಅಂತ ಚೀಟಿ ಬಂತು. ಬೀದಿನಾಯಿ ಮತ್ತು ಸುಪ್ರೀಂ ಕೋರ್ಟಿನ 2025ರ ಆದೇಶಗಳ ಬಗ್ಗೆ ಹೇಳಬೇಕು ಅಂತ ಬರೆದುಕೊಂಡು ಬಂದಿದ್ದೆ, ಅದಕ್ಕೆ ಇನ್ನೊಂದು ದಿನ ಬರುತ್ತೇನೆ. ನಾಯಿ ಜಗಳ ಬಿಡಿಸುವುದನ್ನು ಮಾತ್ರ ಬೇಗ ಹೇಳಿಬಿಡುತ್ತೇನೆ: ನಡುವೆ ಕೈ ಹಾಕಬೇಡಿ, ಕುತ್ತಿಗೆ ಪಟ್ಟಿ ಹಿಡಿಯಬೇಡಿ, ನಿಮ್ಮನ್ನೇ ಕಚ್ಚುತ್ತದೆ. ಬಕೆಟ್ ನೀರು ಎರಚಿ, ನಡುವೆ ಒಂದು ಹಲಗೆಯೋ ಕುರ್ಚಿಯೋ ತೂರಿಸಿ. ಇಬ್ಬರಿದ್ದರೆ ಒಬ್ಬೊಬ್ಬರು ಒಂದೊಂದು ನಾಯಿಯ ಹಿಂಗಾಲು ಎತ್ತಿ ಹಿಂದಕ್ಕೆ ನಡೆಯಿರಿ. ಗಾಯ ಚಿಕ್ಕದಾಗಿ ಕಂಡರೂ ಅದೇ ದಿನ ಆಸ್ಪತ್ರೆಗೆ ಬನ್ನಿ, ರೇಬಿಸ್ ಲಸಿಕೆಯ ಕಾರ್ಡು ಜೊತೆಗೆ ತನ್ನಿ.

ಬುಟ್ಟಿಯ ಆಕಾರದ ಬಾಯಿಕುಕ್ಕೆಗಳನ್ನು ಮೂರು ಸೈಜಿನಲ್ಲಿ ತಂದಿದ್ದೇನೆ, ಆ ಮೇಜಿನ ಮೇಲಿವೆ. ಬಟ್ಟೆಯದ್ದು ಬೇಡ, ಅದರಲ್ಲಿ ನಾಯಿ ಬಾಯಿ ತೆರೆದು ಏದುಸಿರು ಬಿಡಲು ಆಗುವುದಿಲ್ಲ, ನೀರೂ ಕುಡಿಯಲು ಆಗುವುದಿಲ್ಲ. ಅಳತೆ ತೆಗೆಯುವುದು ಹೇಗೆ, ಒಳಗೆ ಬಿಸ್ಕತ್ತು ಇಟ್ಟು ದಿನಕ್ಕೆ ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡಿಸುವುದು ಹೇಗೆ ಅಂತ ತೋರಿಸುತ್ತೇನೆ. ದೊಡ್ಡ ನಾಯಿ ಇರುವವರು ಮೊದಲು ಬನ್ನಿ. ಪ್ರಶ್ನೆಗಳನ್ನು ಅಲ್ಲೇ ಕೇಳಿ.