ಹಾಡಿ ನೋಡಿದೆ

ನಮಸ್ಕಾರ ಕೇಳುಗರೇ.

ನನ್ನ ಬಾಲ್ಯದ ಬೇಸಿಗೆ ರಜೆ ಅಂದರೆ ಅಜ್ಜಿ ಮನೆ. ಅಜ್ಜಿ ಮನೆ ಅಂದರೆ ಒಂಬತ್ತು ಮಕ್ಕಳು, ಒಂದು ಟಿವಿ, ಒಂದು ವಿಡಿಯೋ ಗೇಮ್. ಕ್ಯಾಸೆಟ್ ಹಾಕಿ ಆಡುವಂಥದ್ದು. ಟಿವಿಯಲ್ಲಿ ಬರೀ ಗೆರೆ ಬಂದರೆ ಕ್ಯಾಸೆಟ್ ಕಿತ್ತು, ಅದರ ಬಾಯಿಗೆ ಉಫ್ ಅಂತ ಊದಿ, ಮತ್ತೆ ಒತ್ತುತ್ತಿದ್ದೆವು. ಇಬ್ಬರು ಆಡುವಾಗ ಉಳಿದ ಏಳು ಜನ ಚಾಪೆ ಮೇಲೆ ಕೂತು ಸರದಿ ಕಾಯಬೇಕು.

ಕಾಯುವವರಿಗೆ ಏನು ಕೆಲಸ? ಕೈಯಲ್ಲಿ ರಿಮೋಟ್ ಇಲ್ಲ. ಕಿವಿಗೆ ಮಾತ್ರ ಆ ಟಿಣ್ ಟಿಣ್ ಸಂಗೀತ. ಅರ್ಧ ಗಂಟೆ, ಒಂದು ಗಂಟೆ, ಅದೇ ಧಾಟಿ ಸುತ್ತಿ ಸುತ್ತಿ ಬರುತ್ತಿತ್ತು. ದೊಡ್ಡಮ್ಮನ ಮಗಳು, ನಾವೆಲ್ಲ ಅಕ್ಕ ಅನ್ನುತ್ತಿದ್ದವಳು, ಒಂದು ಮಧ್ಯಾಹ್ನ ಅದಕ್ಕೆ ಹಾಡು ಕಟ್ಟಿಬಿಟ್ಟಳು. ಓಡುತ್ತಾ ಓಡುತ್ತಾ ಆಟದ ನಾಯಕ, ಮೀಸೆಯ ಮಾರಿಯೋ, ಹಳ್ಳಕ್ಕೆ ಬಿದ್ದಾಗ ಒಂದು ಪುಟ್ಟ ತುಣುಕು ಸಂಗೀತ ಬರುತ್ತದೆ. ಅದರ ಮೇಲೆ, "ಬಿದ್ದಾ ಬಿದ್ದಾ ಮೀಸೆ ಮಾಮ, ಎದ್ದು ಬಾರೋ ಇನ್ನೊಂದ್ ಸಲ" ಅಂತ. ಸಂಜೆ ಹೊತ್ತಿಗೆ ಒಂಬತ್ತೂ ಮಕ್ಕಳ ಬಾಯಲ್ಲಿ ಅದೇ. ಅಡುಗೆಮನೆಯಲ್ಲಿ ಚಕ್ಕುಲಿ ಒತ್ತುತ್ತಿದ್ದ ಅಜ್ಜಿ ಕೂಡ ಒಂದೆರಡು ಸಲ ಗುನುಗಿದ್ದು ನನಗೆ ಚೆನ್ನಾಗಿ ನೆನಪಿದೆ.

ಅಕ್ಕ ಆವತ್ತು ಮಾಡಿದ ಕೆಲಸವನ್ನೇ ಜಪಾನಿನಲ್ಲಿ, ಅಮೆರಿಕದಲ್ಲಿ ಸಾವಿರಾರು ಜನ ವರ್ಷಗಟ್ಟಲೆ ಮಾಡಿಕೊಂಡು ಬಂದಿದ್ದಾರೆ. ಮಾತೇ ಇಲ್ಲದ ಆಟದ ಸಂಗೀತಕ್ಕೆ ತಾವೇ ಮಾತು ಬರೆದು ಹಾಡುತ್ತಾರೆ. ಯಾರೂ ಅವರಿಗೆ ಹೇಳಿರಲಿಲ್ಲ. ಇವತ್ತು ನಿಮಗೆ ಅವರ ಬಗ್ಗೆ ಹೇಳಬೇಕು ಅಂತ ಬಂದಿದ್ದೇನೆ.

ಆ ಆಟಗಳಲ್ಲಿ ಹಾಡುವ ದನಿ ಯಾಕೆ ಇರಲಿಲ್ಲ? ನಿಂಟೆಂಡೊ ಕಂಪನಿ 1983ರಲ್ಲಿ ಜಪಾನಿನಲ್ಲಿ ಫ್ಯಾಮಿಕಾಮ್ ಅನ್ನುವ ಯಂತ್ರ ತಂದಿತು. 90ರ ದಶಕದಲ್ಲಿ ನಮ್ಮೂರಿನ ಅಂಗಡಿಗಳಿಗೆ ಬಂದ ಟಿವಿ ಗೇಮ್‌ಗಳಲ್ಲಿ ಬಹಳಷ್ಟು ಅದರ ನಕಲುಗಳೇ. ಅದರೊಳಗಿನ ಚಿಪ್‌ಗೆ ಇದ್ದದ್ದು ಐದೇ ದನಿ. ಎರಡು ದನಿ ಧಾಟಿಗೆ. ಒಂದು ಕೆಳಗಿನ ಗುಂಯ್ ಅನ್ನುವ ಸ್ವರಕ್ಕೆ. ತಾಳಕ್ಕೆ ಬರೀ ಸರ್ ಸರ್ ಅನ್ನುವ ಸದ್ದು. ಇನ್ನೊಂದರಲ್ಲಿ ಚೂರುಪಾರು ರೆಕಾರ್ಡ್ ಮಾಡಿದ ಸದ್ದು ಹಾಕಬಹುದಿತ್ತು, ಅಷ್ಟೇ. ಇನ್ನು ಜಾಗ ಎಷ್ಟು ಅಂತೀರಿ? 1985ರ ಸೂಪರ್ ಮಾರಿಯೋ ಬ್ರದರ್ಸ್ ಆಟ ಇಡಿಯಾಗಿ 40 ಕಿಲೋಬೈಟ್. ಆಮೆ, ಅಣಬೆ, ಕೋಟೆ, ಹಳ್ಳ, ಸಂಗೀತ ಎಲ್ಲ ಸೇರಿ. ಸಿಡಿಯಲ್ಲಿ ನಾವು ಕೇಳುವ ಹಾಡು ಅಷ್ಟು ಜಾಗದಲ್ಲಿ ಕಾಲು ಸೆಕೆಂಡಿನಷ್ಟೂ ಹಿಡಿಸುವುದಿಲ್ಲ. ಹಾಡುವವರು ಬಾಯಿ ತೆರೆಯುವುದರೊಳಗೆ ಮುಗಿದುಹೋಗುತ್ತದೆ.

ಹಾಗಾಗಿ ಸಂಗೀತ ಮಾಡಿದವರು ಇದ್ದ ಜೀವವನ್ನೆಲ್ಲ ಧಾಟಿಯೊಳಗೇ ತುಂಬಬೇಕಾಯಿತು. ಒಳ್ಳೇ ಕಂಠದ ಆಸರೆ ಇಲ್ಲ, ವೀಣೆ ಪಿಟೀಲಿನ ಸೊಗಸಿಲ್ಲ. ನಾಲ್ಕು ಸ್ವರ ಕೇಳಿದರೆ ಮನಸ್ಸಿಗೆ ಅಂಟಿಕೊಳ್ಳಬೇಕು. ಆ ಧಾಟಿಗಳು ಅಷ್ಟು ಗಟ್ಟಿಯಾಗಿ ಇದ್ದದ್ದಕ್ಕೇ ಜನ ಅದರ ಮೇಲೆ ಮಾತು ಕೂರಿಸಿದರು ಅಂತ ನನಗನ್ನಿಸುತ್ತದೆ.

ಇದು ನಮಗೇನೂ ಹೊಸದಲ್ಲ ಅಲ್ವಾ? ಭಜನಾ ಮಂಡಳಿಗಳ ಪುಸ್ತಕ ನೋಡಿದವರಿಗೆ ಗೊತ್ತು. ಹಾಡಿನ ತಲೆ ಮೇಲೆ "ಧಾಟಿ" ಅಂತ ಬರೆದು, ಪಕ್ಕದಲ್ಲಿ ಯಾವುದೋ ಹಳೇ ಸಿನಿಮಾ ಹಾಡಿನ ಮೊದಲ ಸಾಲು ಕೊಟ್ಟಿರುತ್ತಾರೆ. ಕೆಳಗೆ ದೇವರ ಹಾಡು. ಧಾಟಿ ಗೊತ್ತಿದ್ದರೆ ಸಾಕು, ಹೊಸ ಹಾಡು ಆ ಗಳಿಗೆಯಲ್ಲೇ ಬಾಯಿಗೆ ಬರುತ್ತದೆ. ಆದರೆ ಒಂದು ವ್ಯತ್ಯಾಸ ಇದೆ. ಭಜನೆಯವರು ಒಂದು ಮಾತು ತೆಗೆದು ಇನ್ನೊಂದು ಇಡುತ್ತಾರೆ. ಆಟದ ಸಂಗೀತಕ್ಕೆ ಹಾಡುವವರ ಮುಂದೆ ಮೊದಲ ಮಾತೇ ಇಲ್ಲ. ಆ ಧಾಟಿ ಏನು ಹೇಳುತ್ತಿದೆ ಅನ್ನುವುದನ್ನು ಅವರೇ ಮೊದಲು ಕೇಳಿಸಿಕೊಳ್ಳಬೇಕು.

ಒಂದು ಉದಾಹರಣೆ ಕೊಡುತ್ತೇನೆ. 1988ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ರಾಕ್‌ಮ್ಯಾನ್ 2 ಅನ್ನುವ ಆಟ ಬಂತು. ಬೇರೆ ದೇಶಗಳಲ್ಲಿ ಅದರ ಹೆಸರು ಮೆಗಾ ಮ್ಯಾನ್ 2. ಎಂಟು ರೋಬಾಟ್‌ಗಳನ್ನು ಸೋಲಿಸಿದ ಮೇಲೆ ಡಾಕ್ಟರ್ ವೈಲಿ ಅನ್ನುವ ಕೇಡಿಗ ವಿಜ್ಞಾನಿಯ ಕೋಟೆಗೆ ನುಗ್ಗಬೇಕು. ಅಲ್ಲಿ ಬರುವ ಸಂಗೀತ ತಕಾಶಿ ತಾತೆಯಿಶಿ ಅವರದ್ದು. ಕೇಳಿದರೆ ಕಾಲು ತಾನಾಗಿ ಕುಣಿಯುತ್ತದೆ. ಆದರೂ ಅದರ ಒಳಗೆ ಎಲ್ಲೋ ಒಂದು ಸಂಕಟ ಇದೆ.

ಸುಮಾರು 20 ವರ್ಷ ಆದ ಮೇಲೆ, 2007ರ ಹೊತ್ತಿಗೆ, ಆ ಸಂಗೀತಕ್ಕೆ ಅಭಿಮಾನಿಗಳು ಮಾತು ಹಾಕಿದರು. ಹಾಡಿನ ಹೆಸರಿನಲ್ಲಿ "ಒಕ್ಕುಸೆನ್‌ಮನ್" ಅನ್ನುವ ಪದ ಬರುತ್ತದೆ. ಹತ್ತು ಕೋಟಿ, ಸಾವಿರ, ಹತ್ತು ಸಾವಿರ ಅನ್ನುವ ಜಪಾನಿ ಎಣಿಕೆಗಳನ್ನು ಪೋಣಿಸಿ ಕಟ್ಟಿದ ಪದ. ನೆನಪುಗಳು ಲೆಕ್ಕಕ್ಕೆ ಸಿಗದಷ್ಟಿವೆ ಅಂತ. ಹಾಡು ಹೇಳುವುದು ಬಾಲ್ಯದ ಕಥೆ. ಜಪಾನಿನ ಪ್ರಾಥಮಿಕ ಶಾಲೆಯ ಮಕ್ಕಳು ಆಟದ ಪೀರಿಯಡ್‌ನಲ್ಲಿ ಒಂದು ಟೋಪಿ ಹಾಕುತ್ತಾರೆ. ಒಂದು ಕಡೆ ಕೆಂಪು, ತಿರುಗಿಸಿದರೆ ಬಿಳಿ. ಅದನ್ನು ನೆಟ್ಟಗೆ ತಲೆ ಮೇಲೆ ನಿಲ್ಲಿಸಿಕೊಂಡರೆ ಟಿವಿಯಲ್ಲಿ ಬರುವ ಅಲ್ಟ್ರಾಮ್ಯಾನ್‌ನ ಜುಟ್ಟಿನ ಹಾಗೆ ಕಾಣುತ್ತದೆ. ಹಾಗೆ ಮಾಡಿ ಆಡಿದ್ದೆವಲ್ಲ, ಆ ದಿನಗಳು ಎಲ್ಲಿ ಹೋದವು ಅಂತ ದೊಡ್ಡವನಾದ ಒಬ್ಬ ಕೇಳಿಕೊಳ್ಳುತ್ತಾನೆ.

ನೋಡಿ, ಆ ಟೋಪಿಗೂ ವೈಲಿಯ ಕೋಟೆಗೂ ಏನು ಸಂಬಂಧ? ಆಟದಲ್ಲಿ ಹುಡುಕಿದರೆ ಸಿಗುವುದಿಲ್ಲ. ಆಟ ಆಡಿದವನ ಮನೆಯಲ್ಲಿ ಸಿಗುತ್ತದೆ. ಆ ಸಂಗೀತ ಮೊಳಗುತ್ತಿದ್ದಾಗ ಅವನು ಶಾಲೆಯಿಂದ ಬಂದು ಚೀಲ ಮೂಲೆಗೆ ಎಸೆದು ಕೂತಿರುತ್ತಿದ್ದ. ಧಾಟಿ ಅದನ್ನೆಲ್ಲ ತನ್ನ ಜೊತೆ ಇಟ್ಟುಕೊಂಡಿತ್ತು. ಆ ಸಂಕಟಕ್ಕೆ ಕೊನೆಗೂ ಮಾತು ಸಿಕ್ಕಿತು. ನನಗೆ ಜಪಾನಿ ಭಾಷೆ ಬರುವುದಿಲ್ಲ. ಅರ್ಥವನ್ನು ಯಾರೋ ಬಿಡಿಸಿ ಹೇಳಿದ ಮೇಲೆ ಮತ್ತೆ ಕೇಳಿದೆ. ನನಗೆ ಕಂಡದ್ದು ಅಜ್ಜಿ ಮನೆಯ ಚಾಪೆ.

ಇಂಥ ಹಾಡುಗಳು ಜಾಸ್ತಿ ಹರಡಿದ್ದು ನಿಕೋ ನಿಕೋ ಡೌಗಾ ಅನ್ನುವ ಜಪಾನಿನ ವಿಡಿಯೋ ತಾಣದಲ್ಲಿ. 2006ರ ಕೊನೆಗೆ ಶುರುವಾದದ್ದು. ಅಲ್ಲಿ ನೋಡುವವರು ಬರೆದದ್ದು ಚಿತ್ರದ ಮೇಲೆಯೇ ಬಲದಿಂದ ಎಡಕ್ಕೆ ಹರಿದು ಹೋಗುತ್ತದೆ. ಪಲ್ಲವಿ ಬಂದಾಗ ನೂರಾರು ಜನ ಅದೇ ಸಾಲು ಬರೆದು ಪರದೆ ತುಂಬಿಸಿಬಿಡುತ್ತಾರೆ. ಜಾತ್ರೆಯಲ್ಲಿ ಎಲ್ಲರೂ ಒಟ್ಟಿಗೆ ದನಿ ಎತ್ತಿದ ಹಾಗೆ. ಮನೆಯಲ್ಲೇ ಹಾಡಿ ಹಾಕುವವರಿಗೆ ಅಲ್ಲಿ ಒಂದು ಹೆಸರು ಬಂತು. "ಉತಾತ್ತೆ ಮಿತಾ". ಕನ್ನಡಕ್ಕೆ ತಂದರೆ, "ಹಾಡಿ ನೋಡಿದೆ". ನಾವು ಹೇಗೆ ತಿಂದು ನೋಡು, ಕೇಳಿ ನೋಡು ಅನ್ನುತ್ತೇವೋ ಹಾಗೆಯೇ ಅವರ ಭಾಷೆಯಲ್ಲೂ "ನೋಡು" ಅನ್ನುವುದಕ್ಕೆ ಪ್ರಯತ್ನ ಅನ್ನುವ ಅರ್ಥ ಇದೆ. ನನಗೆ ಈ ಹೆಸರು ತುಂಬ ಇಷ್ಟ. ನಾನು ಗಾಯಕಿ ಅಂತ ಯಾರೂ ಹೇಳಿಕೊಳ್ಳುತ್ತಿಲ್ಲ. ಹಾಡಿ ನೋಡಿದೆ, ಅಷ್ಟೇ.

ಇನ್ನೊಂದು ಹಾಡಿನ ಕಥೆ ಸ್ವಲ್ಪ ನಿಧಾನವಾಗಿ ಹೇಳಬೇಕು.

ಜಪಾನಿನಲ್ಲಿ ಝುನ್ ಅನ್ನುವ ಹೆಸರಿನಲ್ಲಿ ಒಬ್ಬರು ಆಟ ಮಾಡುತ್ತಾರೆ. ಚಿತ್ರ ಅವರದ್ದೇ, ಪ್ರೋಗ್ರಾಮ್ ಅವರದ್ದೇ, ಸಂಗೀತವೂ ಅವರದ್ದೇ. ಅವರ ಆಟಗಳ ಸಾಲಿಗೆ ತೌಹೌ ಅಂತ ಹೆಸರು. 1998ರ ಆಗಸ್ಟ್‌ನಲ್ಲಿ ಅದರ ನಾಲ್ಕನೇ ಆಟ ಬಂತು. ಮಾರಿದ್ದು ಟೋಕಿಯೋದ ಕೊಮಿಕೆಟ್ ಸಂತೆಯಲ್ಲಿ. 1975ರಲ್ಲಿ ಶುರುವಾದ ಈ ಸಂತೆಯಲ್ಲಿ ಜನ ತಾವೇ ಮಾಡಿದ ಪುಸ್ತಕ, ಆಟ, ಸಿಡಿಗಳನ್ನು ಮೇಜು ಹಾಕಿಕೊಂಡು ತಾವೇ ಮಾರುತ್ತಾರೆ. ಆ ಆಟದ ಮೂರನೇ ಹಂತಕ್ಕೆ ಒಂದು ಸಂಗೀತ ಇತ್ತು. ಹೆಸರು ಬ್ಯಾಡ್ ಆಪಲ್. ಮಾತಿಲ್ಲ. ಹಳೇ ಕಂಪ್ಯೂಟರಿನ ಲೋಹದಂಥ ದನಿಯಲ್ಲಿ ಗಡಿಬಿಡಿಯಿಂದ ಓಡುವ ಧಾಟಿ.

2007ರಲ್ಲಿ ಆಲ್‌ಸ್ಟ್ರೋಮೇರಿಯಾ ರೆಕಾರ್ಡ್ಸ್ ಅನ್ನುವ ಅಭಿಮಾನಿಗಳ ಗುಂಪು ಅದನ್ನು ಕುಣಿತದ ಹಾಡು ಮಾಡಿತು. ಸಂಗೀತ ಹೊಂದಿಸಿದ್ದು ಮಸಯೋಶಿ ಮಿನೋಶಿಮಾ. ಹಾಡಿದ್ದು ನೊಮಿಕೊ. ಅವರು ಮಾಡಿದ ಜಾಣತನ ಕೇಳಿ. ಓಡುವ ಧಾಟಿಯ ಮೇಲೆ ಅವಸರದ ಹಾಡುಗಾರಿಕೆ ಇಡಲಿಲ್ಲ. ನೊಮಿಕೊ ಅವರ ದನಿ ತಣ್ಣಗಿದೆ, ಹೆಚ್ಚು ಕಡಿಮೆ ತನ್ನೊಳಗೇ ಮಾತಾಡಿಕೊಂಡ ಹಾಗೆ. ಕೆಳಗೆ ತಾಳ ಧಬಧಬ ಅನ್ನುತ್ತಿರುತ್ತದೆ, ಮೇಲೆ ಒಬ್ಬಳು ದಿಕ್ಕು ತೋಚದೆ ನಿಂತಿರುತ್ತಾಳೆ. ಮಾತುಗಳಲ್ಲಿ ಕಪ್ಪು ಬರುತ್ತದೆ, ಬಿಳುಪು ಬರುತ್ತದೆ. ನಾನು ಬದಲಾದರೆ ಬೆಳ್ಳಗಾಗುತ್ತೇನಾ ಅನ್ನುವಂಥ ಪ್ರಶ್ನೆ ಬರುತ್ತದೆ.

ಆ ಕಪ್ಪು ಬಿಳುಪಿನಿಂದಲೇ ಮುಂದಿನದ್ದು ಹುಟ್ಟಿತು ಅಂತ ನನ್ನ ಎಣಿಕೆ. 2009ರಲ್ಲಿ ಅದೇ ನಿಕೋ ನಿಕೋ ಡೌಗಾದಲ್ಲಿ ಈ ಹಾಡಿಗೆ ಒಂದು ನೆರಳಿನ ವಿಡಿಯೋ ಬಂತು. 3 ನಿಮಿಷ 39 ಸೆಕೆಂಡ್. ಬಿಳಿ ಬಯಲಿನಲ್ಲಿ ಕರಿ ಆಕೃತಿಗಳು, ಮರುಗಳಿಗೆ ಕರಿ ಬಯಲಿನಲ್ಲಿ ಬಿಳಿ ಆಕೃತಿಗಳು. ನಮ್ಮ ತೊಗಲುಗೊಂಬೆಗಳ ನೆರಳಿಗೆ ಬಣ್ಣ ಇರುತ್ತದೆ. ಇದರಲ್ಲಿ ಅದೂ ಇಲ್ಲ. ಒಬ್ಬಳು ಸೇಬು ಮೇಲಕ್ಕೆ ಎಸೆಯುತ್ತಾಳೆ, ಹಿಡಿಯುವಷ್ಟರಲ್ಲಿ ಅವಳೇ ಇನ್ನೊಬ್ಬಳಾಗಿರುತ್ತಾಳೆ. ಎರಡೇ ಬಣ್ಣ ಸಾಕಾದ್ದರಿಂದ, ಹಳೇ ಕಂಪ್ಯೂಟರ್, ಲೆಕ್ಕ ಮಾಡುವ ಕ್ಯಾಲ್ಕುಲೇಟರ್, ಲ್ಯಾಬಿನಲ್ಲಿ ವಿದ್ಯುತ್ತಿನ ಅಲೆ ನೋಡುವ ಆಸಿಲೋಸ್ಕೋಪ್, ಎಲ್ಲದರಲ್ಲೂ ಎಂಜಿನಿಯರ್‌ಗಳು ಇದನ್ನು ಓಡಿಸಿ ತೋರಿಸಿದರು. ಇವತ್ತಿಗೂ ತೋರಿಸುತ್ತಿದ್ದಾರೆ. ಮೂಲ ಆಟ ಆಡಿದವರಿಗಿಂತ ಈ ಹಾಡು ಕೇಳಿದವರು ಎಷ್ಟೋ ಪಾಲು ಹೆಚ್ಚು.

ಇಷ್ಟೆಲ್ಲ ಆಗಲು ಝುನ್ ಬಾಗಿಲು ತೆರೆದಿಟ್ಟದ್ದೂ ಒಂದು ಕಾರಣ. ತನ್ನ ಸಂಗೀತವನ್ನು ಬೇರೆಯವರು ಹೊಸದಾಗಿ ಹೊಂದಿಸಿ ಹಾಡಬಹುದು ಅಂತ ಅವರು ಒಂದಷ್ಟು ನಿಯಮ ಹಾಕಿ ಒಪ್ಪಿಗೆ ಕೊಟ್ಟಿದ್ದಾರೆ. ಎಲ್ಲ ಕಂಪನಿಗಳೂ ಹಾಗಿಲ್ಲ. ಅಮೆರಿಕದಲ್ಲಿ ಡೇವಿಡ್ ಲಾಯ್ಡ್ 1999ರಲ್ಲಿ ಓವರ್‌ಕ್ಲಾಕ್ಡ್ ರೀಮಿಕ್ಸ್ ಅನ್ನುವ ವೆಬ್‌ತಾಣ ಶುರು ಮಾಡಿದರು. ಆಟದ ಸಂಗೀತವನ್ನು ಅಭಿಮಾನಿಗಳು ಮತ್ತೆ ಕಟ್ಟಿ ಕಳಿಸುತ್ತಾರೆ, ಯಾರು ಬೇಕಾದರೂ ಪುಕ್ಕಟೆ ಕೇಳಬಹುದು. 2008ರಲ್ಲಿ ಕ್ಯಾಪ್‌ಕಾಮ್ ಕಂಪನಿ ತನ್ನ ಸ್ಟ್ರೀಟ್ ಫೈಟರ್ ಆಟವನ್ನು ಹೊಸದಾಗಿ ತಂದಾಗ ಅದರ ಸಂಗೀತವನ್ನು ಈ ಅಭಿಮಾನಿಗಳಿಂದಲೇ ಮಾಡಿಸಿತು. ಈ ಸುದ್ದಿ ಓದಿದ ದಿನ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಈಗ ನನ್ನ ಅನುಭವ. ನಾನೂ ಹಾಡಿ ನೋಡಿದೆ.

ವೈಲಿ ಕೋಟೆಯ ಧಾಟಿಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆದೆ. ಫ್ಯಾನ್ ಆಫ್ ಮಾಡಿ, ಕಂಬಳಿ ಹೊದ್ದು, ಫೋನಿಗೆ ರೆಕಾರ್ಡ್ ಮಾಡಿದೆ. ಎರಡನೇ ಸಾಲಿಗೇ ಉಸಿರು ಕಟ್ಟಿತು. ಆಗ ಗೊತ್ತಾಯಿತು, ಚಿಪ್‌ಗೆ ಉಸಿರೇ ಬೇಡ. ಅದು ನಿಲ್ಲದೆ ನುಡಿಸುತ್ತದೆ. ಒಂದೇ ನೆಗೆತಕ್ಕೆ ಕೆಳಗಿಂದ ಮೇಲಿನ ಸ್ವರಕ್ಕೆ ಹಾರುತ್ತದೆ. ಮನುಷ್ಯರು ಹಾಡಬೇಕಾದರೆ ಮೊದಲು ಉಸಿರಿಗೆ ಜಾಗ ಹುಡುಕಬೇಕು. ಒಂದೆರಡು ಸ್ವರ ಬಿಡಬೇಕು. ಯಾವುದನ್ನು ಬಿಟ್ಟರೂ ಧಾಟಿಯ ಗುರುತು ಕೆಡಬಾರದು.

ಆಮೇಲೆ ಮಾತಿನ ತೊಂದರೆ. ಕನ್ನಡದ ಮಾತುಗಳು ಹೆಚ್ಚಾಗಿ ಅ, ಇ, ಉ ಥರದ ಸ್ವರಾಕ್ಷರದಲ್ಲೇ ಮುಗಿಯುತ್ತವೆ. ಎಳೆಯಲು ಅದು ಅನುಕೂಲ. ಆದರೆ ಮೇಲಿನ ಉದ್ದ ಸ್ವರಕ್ಕೆ "ಬಂತು", "ಹೋಯ್ತು" ಅಂತ ಇಟ್ಟು ನೋಡಿ. ಆ "ಉ" ತುಟಿಯಲ್ಲೇ ಉಳಿದುಬಿಡುತ್ತದೆ. ಅಲ್ಲಿ "ಆ" ಬೇಕು. "ಬಾ" ಅನ್ನಬೇಕು, "ಕಂದಾ" ಅನ್ನಬೇಕು. ಬಾಯಿ ತೆರೆದುಕೊಳ್ಳುತ್ತದೆ, ದನಿ ಹೊರಗೆ ಬರುತ್ತದೆ. ಒಂದು ಪದಕ್ಕಾಗಿ ನಾನು ಮೂರು ರಾತ್ರಿ ಒದ್ದಾಡಿದ್ದೇನೆ. ಆ ಸಾಲುಗಳು ಈಗಲೂ ನನ್ನ ಫೋನಿನಲ್ಲಿವೆ.

ನಿಜವಾಗಿ ಕೂಡಿಬಂದದ್ದು ಬೇರೆ. ಮಾರಿಯೋ ಆಟದಲ್ಲಿ ನೀರೊಳಗೆ ಈಜುವ ಹಂತ ಇದೆ. ಕೋಜಿ ಕೊಂಡೊ ಅದಕ್ಕೆ ಮಾಡಿದ ಸಂಗೀತ ಪಶ್ಚಿಮದ ವಾಲ್ಟ್ಸ್ ನಡೆಯಲ್ಲಿದೆ. ಅಂದರೆ ಮೂರರ ಎಣಿಕೆ. ಒಂದು, ಎರಡು, ಮೂರು. ಒಂದು, ಎರಡು, ಮೂರು. ತೊಟ್ಟಿಲು ತೂಗಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನನ್ನ ಮಗಳು ಐದು ತಿಂಗಳ ಕೂಸು. ರಾತ್ರಿ ಎರಡು ಗಂಟೆ. ಏನು ಮಾಡಿದರೂ ಮಲಗುತ್ತಿಲ್ಲ. ಗೊತ್ತಿದ್ದ ಜೋಗುಳ ಎಲ್ಲ ಮುಗಿದಿದ್ದವು. ಭುಜದ ಮೇಲೆ ಹಾಕಿಕೊಂಡು ಓಡಾಡುತ್ತಿದ್ದಾಗ ಆ ನೀರಿನ ಧಾಟಿ ತಾನಾಗಿ ಬಾಯಿಗೆ ಬಂತು. ಹಿಂದೆಯೇ ಮಾತೂ ಬಂತು. "ಮೀನು ಮಲಗಿತು, ಅಲೆಯೂ ಮಲಗಿತು, ನೀನ್ಯಾಕೆ ಎದ್ದಿದ್ದಿ ನನ್ ಕಂದಾ." ಆ "ಕಂದಾ" ಸರಿಯಾಗಿ ಉದ್ದ ಸ್ವರದ ಮೇಲೆ ಕೂತಿತು. ಮಗು ಮಲಗಿತು. ಎರಡು ವರ್ಷ ಅದೇ ನಮ್ಮನೆ ಜೋಗುಳ.

ಅವಳಿಗೆ ಈಗ ಒಂಬತ್ತು. ಹೋದ ಬೇಸಿಗೆಯಲ್ಲಿ ಅಕ್ಕನ ಮನೆಗೆ ಹೋಗಿದ್ದೆವು. ಹೌದು, ಮೀಸೆ ಮಾಮನ ಹಾಡು ಕಟ್ಟಿದ ಅದೇ ಅಕ್ಕ. ಅವಳ ಮಗ ಹಳೇ ಮಾರಿಯೋ ಆಟ ಹಾಕಿಕೊಟ್ಟ. ನನ್ನ ಮಗಳು ಮೊದಲ ಹಂತ ದಾಟಿದಳು, ಎರಡನೆಯ ಲೋಕಕ್ಕೆ ಬಂದಳು, ಪೈಪಿನೊಳಗೆ ಹೋದಳು. ನೀರು ಬಂತು. ಅವಳು ಆಡುವುದನ್ನು ಬಿಟ್ಟು ತಿರುಗಿ ನೋಡಿದಳು. "ಅಮ್ಮಾ, ನನ್ನ ಜೋಗುಳ ಇದರಲ್ಲಿ ಯಾಕಿದೆ?"

ನಾನು ಉತ್ತರ ಹುಡುಕುವಷ್ಟರಲ್ಲಿ ಮಾರಿಯೋ ಮೆಲ್ಲಗೆ ತಳಕ್ಕೆ ಇಳಿದು ಗುಂಡಿಗೆ ಬಿದ್ದ. ಆ ಪುಟ್ಟ ತುಣುಕು ಸಂಗೀತ ಬಂತು. ಅಡುಗೆಮನೆಯಿಂದ ಅಕ್ಕನ ದನಿ ಕೇಳಿಸಿತು. "ಬಿದ್ದಾ ಬಿದ್ದಾ ಮೀಸೆ ಮಾಮ, ಎದ್ದು ಬಾರೋ ಇನ್ನೊಂದ್ ಸಲ."

ನಮಸ್ಕಾರ.