ಓದುವವರ ಊರಿನಲ್ಲಿ ಒಂದು ಸುತ್ತು

ಕೇಳುಗರಿಗೆಲ್ಲ ನಮಸ್ಕಾರ.

ಲಂಡನ್‌ಗೆ ಹೋದವರಲ್ಲಿ ಬಹಳ ಜನ ಒಂದು ದಿನ ಬಿಡುವು ಮಾಡಿಕೊಂಡು ಕೇಂಬ್ರಿಜ್‌ಗೂ ಹೋಗಿ ಬರುತ್ತಾರೆ. ಕಿಂಗ್ಸ್ ಕ್ರಾಸ್‌ನಲ್ಲಿ ವೇಗದ ರೈಲು ಹತ್ತಿದರೆ ಒಂದು ಗಂಟೆಯೊಳಗೆ ಊರು ಬಂದುಬಿಡುತ್ತದೆ. ಇಳಿದವರು ಮೊದಲು ಕೇಳುವ ಪ್ರಶ್ನೆ, 'ಯೂನಿವರ್ಸಿಟಿ ಎಲ್ಲಿದೆ?' ಅಂತ. ಕೈ ತೋರಿಸಿ ಇಲ್ಲೇ ಅನ್ನುವ ಹಾಗಿಲ್ಲ. ಒಂದು ಗೇಟು, ಒಂದು ಕಾಂಪೌಂಡು ಅಲ್ಲಿಲ್ಲ. 31 ಕಾಲೇಜುಗಳು ಊರಿನ ತುಂಬ ಹರಡಿಕೊಂಡಿವೆ. ನಡುವೆ ಅಂಗಡಿ, ಚರ್ಚು, ಸಂತೆ, ಬಸ್ಸು, ಮತ್ತೆ ಎಲ್ಲಿ ನೋಡಿದರೂ ಸೈಕಲ್ಲು.

ಈ ಕಾಲೇಜುಗಳಲ್ಲಿ ಜನ ವಾಸ ಮಾಡುತ್ತಾರೆ. ಅಲ್ಲೇ ಊಟ, ಅಲ್ಲೇ ನಿದ್ದೆ, ಅಲ್ಲೇ ಪರೀಕ್ಷೆಯ ಓದು. ಹಾಗಾಗಿ ಅವರ ವೇಳಾಪಟ್ಟಿ ನೋಡಿಕೊಂಡು ನಮ್ಮ ತಿರುಗಾಟ ಇಟ್ಟುಕೊಂಡರೆ ಲಾಭ ನಮಗೇ. ಉದಾಹರಣೆಗೆ, ಏಪ್ರಿಲ್ ಮಧ್ಯದಿಂದ ಜೂನ್ ಮಧ್ಯದವರೆಗೆ ಪರೀಕ್ಷೆಯ ಕಾಲ. ಆಗ ಹಲವು ಕಾಲೇಜುಗಳು ಹೊರಗಿನವರಿಗೆ ಬಾಗಿಲು ಹಾಕುತ್ತವೆ. ಹೂವು ಬಿಡುವ ಕಾಲ ಅಂತ ಖುಷಿಯಿಂದ ಮೇ ತಿಂಗಳಲ್ಲಿ ಹೋದವರು ಬಾಗಿಲ ಹೊರಗೆ ನಿಂತು ಫೋಟೋ ತೆಗೆದುಕೊಂಡು ವಾಪಸ್ ಬರುವುದು ಜಾಸ್ತಿ. ಇನ್ನೊಂದು, ಅಂಗಳದ ಹುಲ್ಲು. ಅದರ ಮೇಲೆ ನಡೆಯುವ ಹಕ್ಕು ಸಾಮಾನ್ಯವಾಗಿ ಕಾಲೇಜಿನ ಫೆಲೋಗಳಿಗೆ, ಅಂದರೆ ಅಲ್ಲಿನ ಹಿರಿಯ ವಿದ್ವಾಂಸರಿಗೆ ಮಾತ್ರ. ಫೀಸು ಕಟ್ಟಿ ಓದುವ ಹುಡುಗರೇ ಸುತ್ತು ಹಾಕಿಕೊಂಡು ಹೋಗುತ್ತಾರೆ, ನಾವು ಯಾವ ಲೆಕ್ಕ!

ಎಲ್ಲರೂ ಮೊದಲು ನೋಡುವುದು ಕಿಂಗ್ಸ್ ಕಾಲೇಜಿನ ಚಾಪೆಲ್, ಅಂದರೆ ಕಾಲೇಜಿನ ಪ್ರಾರ್ಥನಾ ಮಂದಿರ. 1446ರಲ್ಲಿ 6ನೇ ಹೆನ್ರಿ ಇದಕ್ಕೆ ಮೊದಲ ಕಲ್ಲು ಇಟ್ಟ. ಆಮೇಲೆ ಅವನ ಗದ್ದುಗೆಯೇ ಹೋಯಿತು, ಕೆಲಸ ನಿಂತಿತು. ಮತ್ತೆ ಶುರುವಾಗಿ ಕಲ್ಲಿನ ಚಾವಣಿ ಮುಗಿಯುವಾಗ 1515. ಬಿಡಿಸಿಟ್ಟ ಬೀಸಣಿಗೆಗಳನ್ನು ಸಾಲಾಗಿ ಜೋಡಿಸಿದಂತಿರುವ ಈ ಬಗೆಯ ಚಾವಣಿಗಳಲ್ಲಿ ಜಗತ್ತಿನಲ್ಲೇ ದೊಡ್ಡದು ಇದು. ಹಗಲು ಹೋದರೆ ಟಿಕೆಟ್ ತೆಗೆದುಕೊಂಡು, ಗುಂಪಿನ ಹಿಂದೆ ನಿಂತು, ಕತ್ತೆತ್ತಿ ನೋಡಿ ಬರಬೇಕು. ನನ್ನನ್ನು ಕೇಳಿದರೆ, ಕಾಲೇಜು ನಡೆಯುವ ದಿನಗಳಲ್ಲಿ ಸಂಜೆ ಹೋಗಿ. ಆಗ 'ಈವನ್‌ಸಾಂಗ್' ಅನ್ನುವ ಹಾಡಿನ ಪ್ರಾರ್ಥನೆ ಇರುತ್ತದೆ. ಅದಕ್ಕೆ ಟಿಕೆಟ್ ಇಲ್ಲ, ಯಾರು ಬೇಕಾದರೂ ಹೋಗಿ ಕೂರಬಹುದು. ನಮ್ಮ ಧರ್ಮ ಯಾವುದು ಅಂತ ಯಾರೂ ಕೇಳುವುದಿಲ್ಲ. ಫೋನು ಆಫ್ ಮಾಡಿಟ್ಟುಕೊಂಡರೆ ಸಾಕು. ಹುಡುಗರ ದನಿ ಮೇಲೆ ಹೋಗಿ, ಆ ಚಾವಣಿಗೆ ತಾಗಿ, ಸ್ವಲ್ಪ ತಡವಾಗಿ ಕೆಳಗೆ ಇಳಿಯುತ್ತದೆ. ಕಲ್ಲನ್ನು ಕಣ್ಣಲ್ಲಿ ನೋಡಿದವರಿಗಿಂತ ಕಿವಿಯಲ್ಲಿ ಕೇಳಿದವರಿಗೇ ಆ ಕಟ್ಟಡ ಚೆನ್ನಾಗಿ ಸಿಗುತ್ತದೆ ಅಂತ ನನ್ನ ಅನಿಸಿಕೆ. ಬಾನುಲಿಯವರಿಗೂ ಈ ಜಾಗಕ್ಕೂ ಹಳೆಯ ನಂಟು. ಕ್ರಿಸ್‌ಮಸ್ ಹಿಂದಿನ ಸಂಜೆ ಇಲ್ಲಿ ನಡೆಯುವ ಹಾಡಿನ ಕಾರ್ಯಕ್ರಮ 1918ರಲ್ಲಿ ಶುರುವಾಯಿತು. 1928ರಿಂದ ಬಿಬಿಸಿ ರೇಡಿಯೋ ಅದನ್ನು ಪ್ರಸಾರ ಮಾಡುತ್ತಾ ಬಂದಿದೆ. 1930ರಲ್ಲಿ ಒಂದು ಸಲ ತಪ್ಪಿದ್ದು ಬಿಟ್ಟರೆ, ಎರಡನೇ ಮಹಾಯುದ್ಧದಲ್ಲೂ ನಿಂತಿಲ್ಲ.

ಚಾಪೆಲ್ ಪಕ್ಕದಲ್ಲೇ ಸೆನೆಟ್ ಹೌಸ್, ಯೂನಿವರ್ಸಿಟಿಯ ಪದವಿ ಪ್ರದಾನ ನಡೆಯುವ ಕಟ್ಟಡ. 1958ರ ಜೂನ್‌ನಲ್ಲಿ ಒಂದು ಬೆಳಿಗ್ಗೆ ಊರಿನವರು ಎದ್ದು ನೋಡಿದರೆ ಇದರ ಮಾಡಿನ ಮೇಲೆ ಒಂದು ಆಸ್ಟಿನ್ ಸೆವೆನ್ ಕಾರು! ಇಂಜಿನಿಯರಿಂಗ್ ಹುಡುಗರು ರಾತ್ರೋರಾತ್ರಿ ಹತ್ತಿಸಿದ್ದು. ಇಳಿಸಲು ಹೋದ ದೊಡ್ಡವರಿಗೆ ಸಾಕೋಸಾಕಾಗಿ, ಕೊನೆಗೆ ಕಾರನ್ನು ಬಿಡಿಬಿಡಿ ಮಾಡಿ ಇಳಿಸಿದರು.

ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಟ್ರಿನಿಟಿ ಕಾಲೇಜು. ಬಾಗಿಲ ಮೇಲೆ 8ನೇ ಹೆನ್ರಿಯ ಮೂರ್ತಿ. ಅವನ ಕೈ ನೋಡಿ. ರಾಜದಂಡ ಇರಬೇಕಾದ ಕಡೆ ಕುರ್ಚಿಯ ಕಾಲು ಇದೆ! ಯಾವ ಕಾಲದಲ್ಲೋ ಯಾರೋ ಕಿಡಿಗೇಡಿಗಳು ಬದಲಾಯಿಸಿದ್ದು. ಕಾಲೇಜಿನವರೂ ಹಾಗೇ ಬಿಟ್ಟಿದ್ದಾರೆ. ಬಾಗಿಲ ಪಕ್ಕದ ಹುಲ್ಲಿನಲ್ಲಿ ಒಂದು ಸೇಬಿನ ಗಿಡ. ನ್ಯೂಟನ್ ಹುಟ್ಟಿದ ಮನೆಯ ತೋಟದ ಮರದ ವಂಶದ್ದು ಅದು. ಜನ ಅದನ್ನು ಮುತ್ತಿಕೊಂಡು ಫೋಟೋ ತೆಗೆಯುತ್ತಾರೆ. ನೀವು ಫೋಟೋ ತೆಗೆದಾದ ಮೇಲೆ ಸುಮ್ನೆ ಹಿಂದಕ್ಕೆ ತಿರುಗಿ. ರಸ್ತೆಯ ಆಚೆ ಇರುವುದು ವ್ಯೂವೆಲ್ಸ್ ಕೋರ್ಟ್. 1914ರಲ್ಲಿ ಮದ್ರಾಸಿನಿಂದ ಬಂದ ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅಲ್ಲಿ ಕೋಣೆ ಮಾಡಿಕೊಂಡಿದ್ದರು. ಕಟ್ಟಾ ಸಸ್ಯಾಹಾರಿ. ಕಾಲೇಜಿನ ಊಟದ ಮನೆಗೆ ಹೋಗದೆ ತಮ್ಮ ಅಡುಗೆಯನ್ನು ತಾವೇ ಮಾಡಿಕೊಳ್ಳುತ್ತಿದ್ದರು. ಅದರ ಮೇಲೆ ಮಹಾಯುದ್ಧದ ಅಭಾವ ಬೇರೆ. 1918ರಲ್ಲಿ ಟ್ರಿನಿಟಿಯ ಫೆಲೋ ಆದರು, ಅಂದರೆ ಆ ಹುಲ್ಲಿನ ಮೇಲೆ ನಡೆಯುವ ಹಕ್ಕು ಬಂತು. ಅಷ್ಟರಲ್ಲಿ ಆರೋಗ್ಯ ಕೆಟ್ಟಿತ್ತು. 1919ರಲ್ಲಿ ಊರಿಗೆ ಮರಳಿದರು, ಮರುವರ್ಷ ತೀರಿಕೊಂಡರು. ಕೊನೆಯ ದಿನಗಳಲ್ಲಿ ಅವರು ಬರೆದ ಗಣಿತದ ಹಾಳೆಗಳು ಮತ್ತೆ ಇಂಗ್ಲೆಂಡಿಗೆ ಬಂದು, ಎಲ್ಲರಿಗೂ ಮರೆತುಹೋಗಿ, 1976ರಲ್ಲಿ ಇದೇ ಟ್ರಿನಿಟಿಯ ರೆನ್ ಲೈಬ್ರರಿಯಲ್ಲಿ ಸಿಕ್ಕಿದವು. ಆ ಲೈಬ್ರರಿ ಹೊರಗಿನವರಿಗೆ ತೆರೆಯುವುದು ಸ್ವಲ್ಪ ಹೊತ್ತು ಮಾತ್ರ. ಸಮಯ ವಿಚಾರಿಸಿಕೊಂಡೇ ಹೋಗಿ, ತಪ್ಪಿಸಬೇಡಿ. ನ್ಯೂಟನ್ ತನ್ನ 'ಪ್ರಿನ್ಸಿಪಿಯಾ' ಗ್ರಂಥದ ಮೊದಲ ಮುದ್ರಣದ ಸ್ವಂತ ಪ್ರತಿಯಲ್ಲಿ ಕೈಯಾರೆ ತಿದ್ದುಪಡಿ ಬರೆದುಕೊಂಡಿದ್ದಾನೆ, ಅದೂ ಇದೇ ಲೈಬ್ರರಿಯ ಸೊತ್ತು.

ಈಗ ನದಿಗೆ ಬರೋಣ. ನದಿಯ ಹೆಸರು ಕ್ಯಾಮ್. ದೊಡ್ಡದೇನಲ್ಲ, ನಮ್ಮ ಲೆಕ್ಕದಲ್ಲಿ ಹಳ್ಳ ಅನ್ನಬಹುದು. ಅದರಲ್ಲಿ ಪಂಟ್ ಅನ್ನುವ ಚಪ್ಪಟೆ ತಳದ ದೋಣಿ. ಹುಟ್ಟು ಹಾಕುವುದಿಲ್ಲ. ಹಿಂದಿನ ಕಟ್ಟೆಯ ಮೇಲೆ ನಿಂತು, ಸುಮಾರು ಐದು ಮೀಟರ್ ಉದ್ದದ ಗಳುವನ್ನು ನದಿಯ ತಳಕ್ಕೆ ಊರಿ ತಳ್ಳಬೇಕು. ನೋಡಲು ಸುಲಭ. ಎಡವಟ್ಟಾಗುವುದು ಗಳು ಕೆಸರಿನಲ್ಲಿ ಸಿಕ್ಕಿಕೊಂಡಾಗ. ದೋಣಿ ಮುಂದೆ ಹೋಗುತ್ತಿರುತ್ತದೆ, ಗಳು ಬರುವುದಿಲ್ಲ, ಹಿಡಿದವನು ನಡುವೆ. ಆಗ ಗಳು ಬಿಟ್ಟುಬಿಡಿ! ದೋಣಿಯಲ್ಲಿ ಒಂದು ಪುಟ್ಟ ಹುಟ್ಟು ಇಟ್ಟಿರುತ್ತಾರೆ, ಅದರಲ್ಲಿ ವಾಪಸ್ ಬಂದು ಎತ್ತಿಕೊಂಡರಾಯಿತು. ಮರ್ಯಾದೆಗೆ ಅಂಜಿ ಗಳು ಬಿಡದವರೇ ನೀರಿಗೆ ಬೀಳುವುದು. ದಡದ ಮೇಲಿನವರಿಗೆ ಅದು ಪುಕ್ಕಟೆ ಮನರಂಜನೆ.

ನಮ್ಮ ಕೈಲಿ ಆಗದು ಅನ್ನುವವರಿಗೆ ದೋಣಿ ನಡೆಸುವ ಹುಡುಗರು ಸಿಗುತ್ತಾರೆ. ಜೊತೆಗೆ ಕತೆ ಉಚಿತ. ಕ್ವೀನ್ಸ್ ಕಾಲೇಜಿನ ಮರದ ಸೇತುವೆ ಬಂದಾಗ ಒಂದು ಕತೆ ಖಂಡಿತ ಬರುತ್ತದೆ. ನ್ಯೂಟನ್ ಇದನ್ನು ಒಂದು ಮೊಳೆಯೂ ಇಲ್ಲದೆ ಕಟ್ಟಿದ, ಹುಡುಗರು ಬಿಚ್ಚಿ ನೋಡಿದರು, ಮತ್ತೆ ಜೋಡಿಸಲು ಆಗದೆ ಬೋಲ್ಟು ಹಾಕಿದರು ಅಂತ. ಕೇಳಿ ನಕ್ಕುಬಿಡಿ. ಸೇತುವೆ ಕಟ್ಟಿದ್ದು 1749ರಲ್ಲಿ, ನ್ಯೂಟನ್ ಸತ್ತಿದ್ದು 1727ರಲ್ಲಿ. ವಿನ್ಯಾಸ ವಿಲಿಯಂ ಎಥರಿಜ್‌ನದು. ಈಗ ಕಾಣುವುದು 1905ರಲ್ಲಿ ಹಳೆಯ ಅಚ್ಚಿನಲ್ಲೇ ತೇಗದಿಂದ ಮತ್ತೆ ಕಟ್ಟಿದ್ದು. ನಿಜವಾದ ಸೊಗಸು ಬೇರೆಯೇ ಇದೆ. ದೂರಕ್ಕೆ ಸೇತುವೆ ಬಿಲ್ಲಿನ ಹಾಗೆ ಬಾಗಿದೆ. ಹತ್ತಿರ ಹೋಗಿ ಒಂದೊಂದು ತೊಲೆಯನ್ನೂ ನೋಡಿ. ಎಲ್ಲವೂ ನೆಟ್ಟಗಿವೆ, ಬಾಗಿದ ತುಂಡು ಒಂದೂ ಇಲ್ಲ.

ಜೂನ್‌ನಲ್ಲಿ ಹೋದವರಿಗೆ ನದಿಯಲ್ಲಿ ಇನ್ನೊಂದು ತಮಾಷೆ ಉಂಟು. ಅದು ಕಾಲೇಜುಗಳ ದೋಣಿ ಓಟ. ಹೆಸರು 'ಮೇ ಬಂಪ್ಸ್', ನಡೆಯುವುದು ಜೂನ್‌ನಲ್ಲಿ! ನದಿ ಕಿರಿದು, ಪಕ್ಕದಿಂದ ದಾಟಿ ಮುಂದೆ ಹೋಗಲು ಜಾಗ ಸಾಲದು. ಅದಕ್ಕೆ ದೋಣಿಗಳನ್ನು ಒಂದರ ಹಿಂದೆ ಒಂದು ನಿಲ್ಲಿಸುತ್ತಾರೆ. ಮುಂದಿನ ದೋಣಿಯನ್ನು ಅಟ್ಟಿಸಿಕೊಂಡು ಹೋಗಿ ಮುಟ್ಟಿದರೆ ಗೆದ್ದ ಹಾಗೆ. ಮರುದಿನ ಅವರ ಜಾಗ ಇವರಿಗೆ. ನಾಲ್ಕು ದಿನ ಇದೇ ಗದ್ದಲ.

ಮಳೆ ಬಂದರೆ? ಬರುತ್ತದೆ. ಮ್ಯೂಸಿಯಂಗಳಿವೆ. ಫಿಟ್ಸ್‌ವಿಲಿಯಂ ದೊಡ್ಡದು, ಪ್ರವೇಶ ಉಚಿತ. ಸೆಡ್ಜ್‌ವಿಕ್ ಮ್ಯೂಸಿಯಂನಲ್ಲಿ ಡಾರ್ವಿನ್ ತನ್ನ ಬೀಗಲ್ ಹಡಗಿನ ಯಾನದಲ್ಲಿ ಆಯ್ದು ತಂದ ಕಲ್ಲುಗಳಿವೆ. ನನಗೆ ಹೆಚ್ಚು ಇಷ್ಟವಾದದ್ದು ಕೆಟಲ್ಸ್ ಯಾರ್ಡ್. ಅದು ಜಿಮ್ ಈಡ್ ಎಂಬ ಕಲಾಪ್ರೇಮಿ ವಾಸವಿದ್ದ ಮನೆ. 1957ರಿಂದ ಮಧ್ಯಾಹ್ನದ ಹೊತ್ತು ವಿದ್ಯಾರ್ಥಿಗಳಿಗೆ ಮನೆ ಬಾಗಿಲು ತೆರೆದಿಟ್ಟ. ಗೋಡೆಯ ಮೇಲೆ ಮಿರೋ ಬಿಡಿಸಿದ ಚಿತ್ರ, ಅದರಲ್ಲಿ ಒಂದು ಹಳದಿ ಚುಕ್ಕೆ. ಅದೇ ಕೋಣೆಯಲ್ಲಿ ಒಂದು ತಟ್ಟೆಯಲ್ಲಿ ಒಂದೇ ಒಂದು ನಿಂಬೆಹಣ್ಣು, ಆ ಚುಕ್ಕೆಗೆ ಜೊತೆಯಾಗಿ. ಹಣ್ಣು ಬಾಡಿದರೆ ಹೊಸದು ಇಡುತ್ತಾರೆ. ನದಿ, ಕಡಲ ದಂಡೆಯ ನುಣ್ಣನೆ ಕಲ್ಲುಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಸುರುಳಿಯಾಗಿ ಜೋಡಿಸಿದ್ದಾರೆ. ಮ್ಯೂಸಿಯಂ ಅಂದರೆ ಕಾಲು ನೋವು ಅನ್ನುವವರು ಇಲ್ಲಿ ಕುರ್ಚಿಯ ಮೇಲೆ ಕೂತೇ ನೋಡಬಹುದು, ಯಾರೂ ಎಬ್ಬಿಸುವುದಿಲ್ಲ.

ಊರಿನ ಹೊರಗೂ ಹೋಗಬೇಕಲ್ವಾ? ಕಾಲಿನಲ್ಲಿ ಬಲ ಇದ್ದವರು ನದಿಯ ದಡ ಹಿಡಿದು ಗ್ರಾಂಚೆಸ್ಟರ್ ಹಳ್ಳಿಗೆ ನಡೆಯಲಿ. ಮೂರು ಕಿಲೋಮೀಟರ್ ಆಸುಪಾಸು. ಹುಲ್ಲುಗಾವಲಿನ ನಡುವೆ ಕಾಲುದಾರಿ. ಬೇಸಿಗೆಯಲ್ಲಿ ದನ ಮೇಯುತ್ತಿರುತ್ತವೆ. ಅಲ್ಲಿ ಸೇಬಿನ ತೋಟದಲ್ಲಿ ಚಹಾ ಕುಡಿಯುವ ಪದ್ಧತಿ 1897ರಲ್ಲಿ ಶುರುವಾದದ್ದು. ಅಂಗಳದಲ್ಲಿ ಬೇಡ, ಮರದ ಕೆಳಗೆ ಕೊಡಿ ಅಂತ ವಿದ್ಯಾರ್ಥಿಗಳು ಕೇಳಿದರಂತೆ.

ನಡೆಯಲಾಗದವರು ರೈಲು ಹತ್ತಿ ಈಲಿ ಎಂಬ ಊರಿಗೆ ಹೋಗಿ, ಕಾಲು ಗಂಟೆಯ ದಾರಿ. ಕಿಟಕಿಯ ಹೊರಗೆ ಫೆನ್ಸ್ ಎಂಬ ಬಯಲು. 17ನೇ ಶತಮಾನದಲ್ಲಿ ಜೌಗು ನೆಲದ ನೀರು ಬಸಿದು ಹೊಲ ಮಾಡಿದರು. ನೆಲ ಒಣಗಿ ಕುಗ್ಗುತ್ತಾ ಹೋಯಿತು. ಈಗ ಕೆಲವು ಕಡೆ ನದಿಯೇ ಹೊಲಕ್ಕಿಂತ ಎತ್ತರದಲ್ಲಿ ಹರಿಯುತ್ತದೆ. ಆ ಬಯಲಿನಲ್ಲಿ ಈಲಿಯ ಕೆಥೀಡ್ರಲ್, ಅಂದರೆ ಅಲ್ಲಿನ ದೊಡ್ಡ ಚರ್ಚು, ಬಹಳ ದೂರದಿಂದಲೇ ಕಾಣುತ್ತದೆ. 1322ರಲ್ಲಿ ಅದರ ನಡುವಿನ ಗೋಪುರ ಕುಸಿದು ಬಿತ್ತು. ಅದೇ ಜಾಗದಲ್ಲಿ ಎಂಟು ಮೂಲೆಯ ಹೊಸ ಗೋಪುರ ಎಬ್ಬಿಸಿದರು. ಮೇಲಿನ ಭಾಗ ಪೂರಾ ಓಕ್ ಮರದ್ದು. ಕೆಳಗೆ ನಿಂತು ತಲೆ ಎತ್ತಿದರೆ ಬೆಳಕು ನೇರ ಮೇಲಿಂದ ಬೀಳುತ್ತದೆ. ಮೇಲೆ ಹತ್ತಿಸಿ ತೋರಿಸುವ ವ್ಯವಸ್ಥೆಯೂ ಇದೆ, ಮೆಟ್ಟಿಲು ಇಕ್ಕಟ್ಟು, ಮಂಡಿ ನೋವಿನವರು ಯೋಚನೆ ಮಾಡಿ. ಆ ಬಯಲಿನಲ್ಲಿ ಗಾಳಿಗೆ ಅಡ್ಡ ಏನೂ ಇಲ್ಲ, ಬೇಸಿಗೆ ಅಂತ ನಂಬಿ ಸ್ವೆಟರ್ ಬಿಟ್ಟು ಹೋಗಬೇಡಿ. ಸಂಜೆಯ ಹಾಡಿಗೆ ಕಿಂಗ್ಸ್‌ಗೆ ವಾಪಸ್ ಬರಬೇಕಾದರೆ ಹೊರಡುವ ರೈಲಿನ ಸಮಯವನ್ನು ಬೆಳಿಗ್ಗೆಯೇ ನೋಡಿಟ್ಟುಕೊಳ್ಳಿ.

ನಮಸ್ಕಾರ.