ತೂಗುಗುಂಡಿನ ಮಾತು

ಕೇಳುಗರೇ, ನಮಸ್ಕಾರ.

ಮನೆ ಕಟ್ಟುವ ಮೇಸ್ತ್ರಿ ದಾರಕ್ಕೆ ಗುಂಡು ಕಟ್ಟಿ ಇಳಿಬಿಡೋದನ್ನು ನೋಡಿರುತ್ತೀರಿ. ದೊಡ್ಡ ಕಾಂಕ್ರೀಟ್ ಅಣೆಕಟ್ಟುಗಳ ಹೊಟ್ಟೆಯೊಳಗೂ ಅಂಥದ್ದೇ ಒಂದು ಗುಂಡು ತೂಗುತ್ತಿರುತ್ತದೆ. ಮೇಲಿನಿಂದ ಕೆಳಗಿನವರೆಗೆ ಕಿರಿದಾದ ಬಾವಿ, ಅದರಲ್ಲಿ ಸಣ್ಣ ತಂತಿ, ತುದಿಗೆ ಭಾರ. ಭಾರ ಓಲಾಡದಿರಲಿ ಅಂತ ಎಣ್ಣೆ ತೊಟ್ಟಿಯಲ್ಲಿ ಮುಳುಗಿಸಿರುತ್ತಾರೆ. ಜಲಾಶಯ ತುಂಬಿದರೆ ಕಟ್ಟೆ ಒಂದಿಷ್ಟು ಬಾಗುತ್ತದೆ, ನೀರು ಇಳಿದರೆ ಮತ್ತೆ ಹಿಂದಕ್ಕೆ ಬರುತ್ತದೆ. ಬಿಸಿಲು, ಚಳಿಗೂ ಅಲುಗಾಡುತ್ತದೆ. ತಂತಿ ಮಾತ್ರ ನೇರವಾಗೇ ಇಳಿದಿರುತ್ತದೆ, ಕಟ್ಟೆ ಅದರಿಂದ ಎಷ್ಟು ಸರಿಯಿತು ಅಂತ ಅಳೆಯುತ್ತಾರೆ. ಎಲ್ಲ ಮಿಲಿಮೀಟರ್ ಲೆಕ್ಕ.

ಕಟ್ಟೆ ಎಷ್ಟು ಸರಿಯಬೇಕು ಅಂತ ಅದರ ಕಂಪ್ಯೂಟರ್ ಮಾದರಿಯೂ ಲೆಕ್ಕ ಹಾಕುತ್ತದೆ. ಅಳತೆ, ಲೆಕ್ಕ ಎರಡೂ ತಾಳೆಯಾಗದಿದ್ದರೆ ಮಾದರಿಯಲ್ಲಿ ಕಾಂಕ್ರೀಟು ಎಷ್ಟು ಗಟ್ಟಿ, ಅಡಿಯ ಬಂಡೆ ಎಷ್ಟು ಬಿಗಿ ಅನ್ನುವ ಅಂಕಿಗಳನ್ನು ತಿದ್ದುತ್ತಾರೆ. ಇಲ್ಲೇ ಎಡವೋದು. ಕಾಂಕ್ರೀಟನ್ನು ಮೆತ್ತಗೆ ಮಾಡಿದರೂ, ಬಂಡೆಯನ್ನು ಮೆತ್ತಗೆ ಮಾಡಿದರೂ ಉತ್ತರ ಒಂದೇ ಬರಬಹುದು! ಅದಕ್ಕೇ ಒಂದು ದಿನದ ಅಳತೆ ಸಾಲದು, ವರ್ಷಗಟ್ಟಲೆ ಬೇಕು.

ಸ್ವಿಟ್ಜರ್ಲೆಂಡಿನಲ್ಲಿ ಝೋಝಿಯೆ ಅಂತ ಒಂದು ಕಮಾನು ಅಣೆಕಟ್ಟಿದೆ, ಅಂದರೆ ನೀರಿನ ಕಡೆಗೆ ಬಿಲ್ಲಿನಂತೆ ಬಾಗಿದ ಗೋಡೆ. ಎತ್ತರ 156 ಮೀಟರ್, ಕಟ್ಟಿ ಮುಗಿಸಿದ್ದು 1957ರಲ್ಲಿ. 20 ವರ್ಷ ಲೆಕ್ಕ ಹೇಳಿದ ಹಾಗೇ ನಡೆದುಕೊಂಡಿತ್ತು. 1978ರ ಕೊನೆಗೆ ಅಳತೆ ಒಂದು ಹೇಳಿದರೆ ಲೆಕ್ಕ ಇನ್ನೊಂದು ಹೇಳತೊಡಗಿತು. ಕಟ್ಟೆ ನೀರಿನ ಕಡೆಗೇ ವಾಲುತ್ತಿತ್ತು. ನೀರು ತಳ್ಳುವ ಗೋಡೆ ನೀರಿನತ್ತಲೇ ಬರೋದು ಅಂದರೆ ವಿಚಿತ್ರ ಅಲ್ವಾ?

ಆಗ ಯಾರಾದರೂ ಸುಮ್ನೆ ಕಾಂಕ್ರೀಟಿನ ಅಂಕಿ ತಿದ್ದಿ ಲೆಕ್ಕ ಸರಿಮಾಡಿದ್ದರೆ? ನನ್ನ ಕೇಳಿದರೆ, ಕೆಟ್ಟ ಮಾದರಿಗಿಂತ ಅಪಾಯ ಇದು. ತಪ್ಪು ಕಾಂಕ್ರೀಟಿನದ್ದಾಗಿರಲಿಲ್ಲ. ಒಂದೂವರೆ ಕಿಲೋಮೀಟರ್ ಆಚೆ, ಹೆದ್ದಾರಿಗೆ ಅಂತ ರಾವಿಲ್ ಅನ್ನುವ ಬೆಟ್ಟದ ಕಣಿವೆದಾರಿಯ ಹತ್ತಿರ ಪರೀಕ್ಷಾ ಸುರಂಗ ಕೊರೆಯುತ್ತಿದ್ದರು. ಬಂಡೆಯ ಬಿರುಕುಗಳಲ್ಲಿದ್ದ ನೀರು ಆ ಸುರಂಗಕ್ಕೆ ಬಸಿದುಹೋಯಿತು. ಅಷ್ಟು ದಿನ ಆ ನೀರು ಹೊತ್ತಿದ್ದ ಭಾರ ಬಂಡೆಯ ಮೇಲೇ ಬಿತ್ತು, ಬೆಟ್ಟವೇ ಕುಗ್ಗಿತು. ಕಟ್ಟೆಯ ಬುಡ 10 ಸೆಂಟಿಮೀಟರಿಗೂ ಜಾಸ್ತಿ ಕುಸಿಯಿತು. ಎರಡೂ ಬದಿಯ ಗುಡ್ಡ ಹತ್ತಿರ ಸರಿದು ಕಮಾನನ್ನು ಹಿಂಡಿದವು. ಹಿಂಡಿದ ಕಮಾನು ನೀರಿನ ಕಡೆಗೆ ಉಬ್ಬಿತು. ಬೆಟ್ಟದೊಳಗಿನ ಆ ನೀರು ಯಾವ ಲೆಕ್ಕದಲ್ಲೂ ಇರಲಿಲ್ಲ.

ಜಲಾಶಯ ಖಾಲಿ ಮಾಡಿದರು. ಕಟ್ಟೆಯಲ್ಲಿ ಬಿದ್ದಿದ್ದ ಬಿರುಕುಗಳಿಗೆ ರಾಳ ತುಂಬಿದರು. ವರ್ಷಗಳ ನಂತರ ಹಂತಹಂತವಾಗಿ ನೀರು ತುಂಬಿಸಿದರು. ಅಣೆಕಟ್ಟು ಈಗಲೂ ನಿಂತಿದೆ. ಆ ಹೆದ್ದಾರಿ ಸುರಂಗ ಮಾತ್ರ ಆಗಲೇ ಇಲ್ಲ.